ಚೀಟಿಯಲ್ಲಿ ಬರೆದ ರಾತ್ರಿಪಾಳಿ

ಕಳೆದ ವಾರ ಶಿರಾದಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ಎರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾಳೆ. "ಅತ್ತೆ ಹೇಗಿದ್ದಾರೆ ಅಂತ ಎಲ್ಲರೂ ಕೇಳ್ತಾರೆ ಸಾರ್, ನನ್ನನ್ನ ಯಾರೂ ಕೇಳೋದಿಲ್ಲ" ಎಂದಳು. ಆ ಮಾತು ನನ್ನನ್ನು 1997ಕ್ಕೆ ಕರೆದೊಯ್ದಿತು.

ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲೇ ನನ್ನ ವೃತ್ತಿಜೀವನ ಕಳೆಯಿತು. ಆಗ ಕೊರಟಗೆರೆಯಲ್ಲಿ ಕೆಲಸ, ಮಧುಗಿರಿಯಲ್ಲಿ ಮನೆ. ನನ್ನ ತಾಯಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತ್ತು. ಔಷಧ ತರುವುದು, ವೈದ್ಯರನ್ನು ಕರೆತರುವುದು ನನ್ನ ಪಾಲು. ಉಳಿದದ್ದೆಲ್ಲ ನನ್ನ ಹೆಂಡತಿಯದು. ಅದು ಸಹಜವೆಂದೇ ನಾನು ತಿಳಿದಿದ್ದೆ.

ನಮ್ಮ ಕುಟುಂಬದ ವೈದ್ಯರು ಹದಿನೈದು ದಿನಕ್ಕೊಮ್ಮೆ ಸ್ಕೂಟರಿನಲ್ಲಿ ಬರುತ್ತಿದ್ದರು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮಲಗಿಸಿಕೊಂಡು ಗಂಜಿ ಕುಡಿಸಬಾರದು, ಉಂಡ ಮೇಲೆ ಅರ್ಧ ಗಂಟೆ ಒರಗಿಸಿ ಕೂರಿಸಬೇಕು ಎಂಬುದನ್ನೆಲ್ಲ ಕೈಹಿಡಿದು ಕಲಿಸಿದವರು ಅವರೇ. ನಾಲ್ಕು ತಿಂಗಳು ಕಳೆದಿರಬಹುದು. ಒಂದು ದಿನ ಅಮ್ಮನನ್ನು ನೋಡಿದ ಮೇಲೆ ರಕ್ತದೊತ್ತಡದ ಪಟ್ಟಿಯನ್ನು ನನ್ನ ಹೆಂಡತಿಯ ತೋಳಿಗೆ ಸುತ್ತಿದರು. ಒತ್ತಡ ಹೆಚ್ಚಾಗಿತ್ತು.

"ಮೇಷ್ಟ್ರೇ, ರಾತ್ರಿ ಎರಡು ಗಂಟೆಗೆ ತಾಯಿಯವರ ಮಗ್ಗುಲು ಬದಲಿಸೋರು ಯಾರು?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಕನ್ನಡದಲ್ಲಿ ಬರೆದರು: "ರಾತ್ರಿ 12, 2 ಗಂಟೆ: ಮಗ. 4, 6 ಗಂಟೆ: ಸೊಸೆ. ಭಾನುವಾರ ಸಂಜೆ ಸೊಸೆಗೆ ಬಿಡುವು."

ಮೊದಲ ರಾತ್ರಿ ನಾನು ಬಟ್ಟೆ ಬದಲಿಸಲು ಹೋದಾಗ ಅಮ್ಮ ಸಂಕೋಚದಿಂದ ಗೋಡೆಯತ್ತ ಮುಖ ತಿರುಗಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಆ ಹೊತ್ತಿಗೆ ನನ್ನ ಹೆಜ್ಜೆ ಸಪ್ಪಳಕ್ಕೆ ಕಾಯುತ್ತಿದ್ದರು. ತೊದಲು ಮಾತಿನಲ್ಲಿ ತಮ್ಮ ತವರಿನ ಕಥೆ ಹೇಳುತ್ತಿದ್ದರು. ಎಂಟು ತಿಂಗಳ ನಂತರ ಅವರು ತೀರಿಕೊಂಡರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ವೈದ್ಯರು ಮತ್ತೊಮ್ಮೆ ಬಂದರು, ನನ್ನ ಹೆಂಡತಿಯನ್ನು ನೋಡಲೆಂದೇ.

2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಭೇಟಿ, ಆರೈಕೆ ಮಾಡುವವರಿಗೆ ತರಬೇತಿ ಎರಡೂ ಸೇರಿವೆ. 2024ರಿಂದ ಎಪ್ಪತ್ತು ದಾಟಿದವರಿಗೆ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ರಕ್ಷಣೆ ಇದೆ. ಇವೆಲ್ಲ ಒಳ್ಳೆಯದೇ. ಆದರೆ ಒಂದು ಮನೆಯಲ್ಲಿ ನಿದ್ದೆಗೆಟ್ಟವರು ಯಾರು, ನಿಶ್ಚಿಂತೆಯಿಂದ ಮಲಗಿದವರು ಯಾರು ಎಂಬುದು ಆ ಮನೆಯ ಹೊಸ್ತಿಲು ದಾಟಿ ಬರುವ ವೈದ್ಯರಿಗಷ್ಟೇ ಕಾಣುತ್ತದೆ. ಮಗನಿಗೆ ಅದನ್ನು ಹೇಳುವ ಅಧಿಕಾರವೂ ಅವರಿಗಿದೆ. ಸೊಸೆ ಹೇಳಿದರೆ ಅದು ದೂರು. ವೈದ್ಯರು ಹೇಳಿದರೆ ಅದು ಔಷಧ.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಇದನ್ನು ಓದುತ್ತಿದ್ದರೆ, ರೋಗಿಯ ಪಕ್ಕದಲ್ಲಿ ನಿಂತವರ ನಾಡಿಯನ್ನೂ ಒಮ್ಮೆ ಹಿಡಿದು ನೋಡಿರಪ್ಪ. ಶಿರಾದ ಹುಡುಗಿಗೆ ನಾನು ಹೇಳಿದ್ದಿಷ್ಟೇ: "ಮುಂದಿನ ಸಲ ಡಾಕ್ಟರ ಹತ್ತಿರ ನಿನ್ನ ಗಂಡನನ್ನೂ ಕರೆದುಕೊಂಡು ಹೋಗಮ್ಮ."

ಆ ಚೀಟಿ ಬರೆಯುವುದಕ್ಕೆ ಮೊದಲಿನ ನಾಲ್ಕು ತಿಂಗಳು ನನ್ನ ಲೆಕ್ಕದಲ್ಲಿ ಇಂದಿಗೂ ಬಾಕಿಯೇ ಉಳಿದಿವೆ.