ಮುಂಬೈ ಮಳೆಯಲ್ಲಿ ನಾಲ್ಕು ದಿನ

ಜುಲೈ ತಿಂಗಳು ಬಂತೆಂದರೆ ನಮ್ಮ ಕ್ಯಾತನಹಳ್ಳಿಯಲ್ಲಿ ಬೆಳಗ್ಗೆ ಪೇಪರ್ ಬಿಡಿಸಿದ ಕೂಡಲೇ ನಾನು ಹುಡುಕುವುದು ಒಂದೇ ಸುದ್ದಿ: ಕೆಆರ್‌ಎಸ್ ಎಷ್ಟು ಅಡಿಗೆ ಬಂತು? 124.80 ಅಡಿ ಮುಟ್ಟಿದರೆ ಅಣೆಕಟ್ಟೆ ತುಂಬಿದ ಹಾಗೆ. ಮಂಡ್ಯ ಜಿಲ್ಲೆಯವರಿಗೆ ಮಳೆ ಎಂದರೆ ಬಾಗಿಲಲ್ಲಿ ನಿಂತು ಕಾಯುವ ನೆಂಟ. ಬಂದರೆ ಸಂತೋಷ, ಬರದಿದ್ದರೆ ವರ್ಷವೆಲ್ಲ ಅದೇ ಮಾತು. ಅಂಥ ನಾನು ಆರನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಜುಲೈನಲ್ಲೇ ಮುಂಬೈ ನೋಡಲು ಹೊರಟೆ.

ಮಾಟುಂಗಾದಲ್ಲಿರುವ ನನ್ನ ತಂಗಿ ಮಗನ ಮನೆಯಲ್ಲಿ ನಾಮಕರಣವಿತ್ತು. "ಮಾವ, ಛತ್ರಿ ನೆಚ್ಕೊಂಡು ಬರಬೇಡಿ, ರೈನ್‌ಕೋಟ್ ತನ್ನಿ" ಎಂದು ಅವನು ಫೋನಿನಲ್ಲಿ ಹೇಳಿದ್ದ. ಪುಟ್ಟಿಗೆ ರೈನ್‌ಕೋಟ್ ಕೊಂಡೆವು. ನಾನು ಮಾತ್ರ ನನ್ನ ಹಳೇ ಕರಿ ಛತ್ರಿಯನ್ನೇ ಹಿಡಿದೆ. ಮೂವತ್ತು ವರ್ಷ ಜೊತೆಗಿದ್ದದ್ದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಪಾಂಡವಪುರದಿಂದ ಬೆಂಗಳೂರು, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್. ಒಂದು ರಾತ್ರಿ, ಒಂದು ಹಗಲಿನ ಪ್ರಯಾಣ. ಇಳಿದದ್ದು ಮಳೆಯಲ್ಲೇ.

ನಾಮಕರಣ ಚೆನ್ನಾಗಿ ಆಯಿತು. ಮಾರನೇ ದಿನ ನಾವಿಬ್ಬರೇ ಊರು ನೋಡಲು ಹೊರಟೆವು. ಪುಟ್ಟಿಗೆ ಎಲಿಫೆಂಟಾ ಗುಹೆಗಳ ಮೇಲೆ ಕಣ್ಣು. ಸಮುದ್ರದ ನಡುವಿನ ದ್ವೀಪ, ಬಂಡೆ ಕೊರೆದು ಮಾಡಿದ ಗುಹೆ, ಅದರೊಳಗೆ ಮೂರು ಮುಖದ ದೊಡ್ಡ ಶಿವ. ಪುಸ್ತಕದಲ್ಲಿ ಚಿತ್ರ ನೋಡಿದ್ದಳು. ದೋಣಿ ಹೊರಡುವುದು ಗೇಟ್‌ವೇ ಆಫ್ ಇಂಡಿಯಾದ ಹತ್ತಿರದಿಂದ. ಹೋಗಿ ನೋಡಿದರೆ ಅಲೆಗಳು ಕಟ್ಟೆ ಹಾರಿ ರಸ್ತೆಗೆ ಬೀಳುತ್ತಿವೆ. ದೋಣಿಗಳೆಲ್ಲ ಲಂಗರು ಹಾಕಿ ತೊಟ್ಟಿಲ ಹಾಗೆ ತೂಗಾಡುತ್ತಿವೆ. "ಇವತ್ತು ಇಲ್ಲ, ನಾಳೆನೂ ಹೇಳಕ್ಕಾಗಲ್ಲ" ಎಂದರು. ಪುಟ್ಟಿಯ ಮುಖ ಬಾಡಿತು.

ಸಮಾಧಾನ ಮಾಡಲು ಗೇಟ್‌ವೇ ಕತೆ ಶುರು ಮಾಡಿದೆ. 1911ರಲ್ಲಿ ಐದನೇ ಜಾರ್ಜ್ ದೊರೆ ಇಲ್ಲಿ ಬಂದಿಳಿದ ನೆನಪಿಗೆ ಈ ಕಟ್ಟಡ. ಆದರೆ ದೊರೆ ಬಂದಾಗ ಇದು ಇರಲೇ ಇಲ್ಲ, ಅವನಿಗೆ ತೋರಿಸಿದ್ದು ರಟ್ಟಿನ ಮಾದರಿ. ಕಲ್ಲಿನ ಕಟ್ಟಡ ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಸೈನಿಕರ ಪಡೆ ಇದೇ ಬಾಗಿಲಿನಿಂದ ಹಡಗು ಹತ್ತಿ ಹೋಯಿತು.

"ಅಂದ್ರೆ ಬರೋಕೆ ಅಂತ ಕಟ್ಟಿದ ಬಾಗ್ಲಲ್ಲಿ ಹೊರಟೋದ್ರಾ ತಾತ?" ಎಂದು ನಕ್ಕಳು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಬೀಸಿದ ಒಂದೇ ಗಾಳಿಗೆ ನನ್ನ ಛತ್ರಿ ಹಿಂದುಮುಂದಾಗಿ, ಕಡ್ಡಿ ಮುರಿದು, ಬಟ್ಟೆ ಹರಿಯಿತು. ಅದಕ್ಕೆ ಇನ್ನೂ ಜೋರಾಗಿ ನಕ್ಕಳು.

ಮಳೆ ಬಲವಾಯಿತು. ಛತ್ರಪತಿ ಶಿವಾಜಿ ನಿಲ್ದಾಣಕ್ಕೆ ಬಂದು ಲೋಕಲ್ ರೈಲು ಹತ್ತಿದೆವು. ರೈಲು ನಿಧಾನವಾಗುತ್ತಾ ಆಗುತ್ತಾ ದಾದರಿನಲ್ಲಿ ನಿಂತೇಬಿಟ್ಟಿತು. ಮುಂದೆ ಹಳಿ ಮೇಲೆ ನೀರು ನಿಂತಿದೆಯಂತೆ. ಮಾಟುಂಗಾ ಅದರ ಮುಂದಿನ ಸ್ಟೇಷನ್. ನಡೆದೇ ಹೋಗೋಣ ಎಂದು ಇಳಿದೆ. ಅದು ತಪ್ಪೋ ಸರಿಯೋ ಇವತ್ತಿಗೂ ಗೊತ್ತಾಗಿಲ್ಲ.

ದೊಡ್ಡ ರಸ್ತೆಗೆ ಬಂದರೆ ನೀರು ನನ್ನ ಮೊಣಕಾಲಿಗೆ, ಅವಳ ತೊಡೆಗೆ. ಬಣ್ಣ ನಮ್ಮ ನಾಲೆ ನೀರಿನದಲ್ಲ, ಟೀ ಡಿಕಾಕ್ಷನ್ನಿನದು. ನಾಲೆಗೆ ಇಳಿದು ಬೆಳೆದ ನನಗೆ ನೀರಿನ ಭಯವಿಲ್ಲ. ಭಯವಾದದ್ದು ನೀರಿನ ಕೆಳಗೆ ಕಾಣದಿರುವ ಗುಂಡಿಗಳದ್ದು. ಒಂದು ಕಡೆ ಯಾರೋ ಮುಚ್ಚಳ ತೆಗೆದ ಮ್ಯಾನ್‌ಹೋಲಿಗೆ ಮರದ ಕೊಂಬೆ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅದನ್ನು ನೋಡಿದ ಮೇಲೆ ಮುರಿದ ಛತ್ರಿಯನ್ನೇ ಕೋಲು ಮಾಡಿಕೊಂಡು ನೆಲ ಕುಟ್ಟಿ ನೋಡಿ ಹೆಜ್ಜೆ ಇಡತೊಡಗಿದೆ. ಆಫೀಸಿನಿಂದ ಮನೆಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಪುಟ್ಟಿಯ ಇನ್ನೊಂದು ಕೈ ಹಿಡಿದುಕೊಂಡಳು. ಅವಳ ಮರಾಠಿ ನನಗೆ ಅರ್ಥವಾಗಲಿಲ್ಲ, ನನ್ನ ಕನ್ನಡ ಅವಳಿಗೆ ತಿಳಿಯಲಿಲ್ಲ. ರಸ್ತೆ ನಡುವಿನ ವಿಭಜಕ ತೋರಿಸಿದಳು. ಅದರ ಮೇಲೆ ಸಾಲಾಗಿ ನಡೆದೆವು. ಅಂಗಡಿ ಮೆಟ್ಟಿಲ ಮೇಲೆ ನಿಂತ ಹುಡುಗರು ಹೋಗಿಬರುವವರ ಕೈಗೆಲ್ಲ ಬಿಸ್ಕತ್ತಿನ ಪೊಟ್ಟಣ ಕೊಡುತ್ತಿದ್ದರು. ಪುಟ್ಟಿ ಅಳಲಿಲ್ಲ. ನನ್ನ ಬೆರಳನ್ನು ಮಾತ್ರ ನೋಯುವಷ್ಟು ಬಿಗಿ ಹಿಡಿದಿದ್ದಳು.

ಮಾಟುಂಗಾ ಸೇರಿದಾಗ ಕತ್ತಲಾಗಿತ್ತು. ನನ್ನ ತಂಗಿ ಮಗ ಸ್ಟೇಷನ್ ಹತ್ತಿರವೇ ಕಾದು ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ. ಪಕ್ಕದಲ್ಲೇ ಇದ್ದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಕರೆದುಕೊಂಡು ಹೋದ. ರಾಮ ನಾಯಕ್ ಎಂಬವರು 1942ರಲ್ಲಿ ಆರಂಭಿಸಿದ ಊಟದ ಮನೆ ಅದು. ಬಾಳೆ ಎಲೆ, ಬಿಸಿ ಅನ್ನ, ಸಾರು. ಮಾಟುಂಗಾ ತುಂಬ ದಕ್ಷಿಣದವರೇ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಕೂಡ ಇಲ್ಲೇ ಇದೆ.

ಊಟ ಮಾಡುತ್ತಾ ಪುಟ್ಟಿ ಕೇಳಿದಳು: "ಸಮುದ್ರ ಪಕ್ಕದಲ್ಲೇ ಇದ್ಯಲ್ಲ ಮಾಮ, ನೀರು ಅಲ್ಲಿಗೆ ಹರಿದೋಗಲ್ವಾ?"

ಅವನು ಹೇಳಿದ್ದನ್ನು ನಾನು ನಮ್ಮ ಗದ್ದೆ ಮಾತಿಗೆ ಇಳಿಸಿ ಹೇಳಿದೆ. ಗದ್ದೆಯಲ್ಲಿ ಹೆಚ್ಚಾದ ನೀರು ಬಸಿಗಾಲುವೆಗೆ ಹೋಗಬೇಕು. ಬಸಿಗಾಲುವೆಯೇ ತುಂಬಿ ಹರಿಯುತ್ತಿದ್ದರೆ ಗದ್ದೆ ನೀರು ಎಲ್ಲಿಗೆ ಹೋದೀತು? ಹಾಗೆಯೇ ಇದು. ಸಮುದ್ರಕ್ಕೆ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಉಬ್ಬರ ನಾಲ್ಕೂವರೆ ಮೀಟರ್ ದಾಟುವ ಹೊತ್ತಿಗೇ ದೊಡ್ಡ ಮಳೆಯೂ ಸುರಿದರೆ ಊರಿನ ನೀರು ಹೊರಗೆ ಹೋಗುವುದಿಲ್ಲ. ಇಳಿತ ಬರುವ ತನಕ ಕಾಯಬೇಕು, ಇಲ್ಲವೇ ಪಂಪಿನಲ್ಲಿ ಎತ್ತಿ ಹಾಕಬೇಕು. ಹಿಂದೆ ಈ ಊರು ಏಳು ದ್ವೀಪ. ನಡುವಿನ ತಗ್ಗನ್ನು ತುಂಬಿಸಿ ಒಂದು ಮಾಡಿದ್ದು. ನೀರಿಗೆ ಆ ತಗ್ಗು ಇನ್ನೂ ಮರೆತಿಲ್ಲ.

2005ರ ಜುಲೈ 26ರ ಕತೆಯನ್ನೂ ಅವನು ಹೇಳಿದ. ಸಾಂತಾಕ್ರೂಜ್ ಮಾಪನದಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಮ್ಮ ಮಂಡ್ಯ ಕಡೆ ವರ್ಷಕ್ಕೆಲ್ಲ ಬೀಳುವುದು ಸುಮಾರು 700. ನಮ್ಮ ಇಡೀ ವರ್ಷದ ಮಳೆಗಿಂತ ಹೆಚ್ಚು ಅಲ್ಲಿ ಒಂದೇ ದಿನ ಸುರಿದಿತ್ತು! ನೂರಾರು ಜನ ಸತ್ತರು. ಅದೇ ದಿನ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಬರೀ 73 ಮಿಲಿಮೀಟರ್. ಪುಟ್ಟಿ ಬೆರಳು ಮಡಿಸಿ ಲೆಕ್ಕ ಹಾಕಿ ಸುಮ್ಮನಾದಳು.

ಮರುದಿನವೂ ದೋಣಿ ಹೊರಡಲಿಲ್ಲ. ಮನೆಯಲ್ಲೇ ಕೂತು ಪೇಪರ್ ತಿರುವಿದೆ. ಒಂದು ಮೂಲೆಯಲ್ಲಿ ಅಂಕಿಗಳ ಪಟ್ಟಿ: ವಿಹಾರ್, ತುಳಸಿ, ತಾನ್ಸಾ, ಭಾತ್ಸಾ... ಮುಂಬೈಗೆ ಕುಡಿಯುವ ನೀರು ಕೊಡುವ ಏಳು ಕೆರೆ-ಜಲಾಶಯಗಳ ಮಟ್ಟವಂತೆ. ಸೊಂಟದ ಮಟ್ಟ ನೀರಿನಲ್ಲಿ ಮುಳುಗಿದ ಊರಿನವರೂ ಬೆಳಗ್ಗೆ ಎದ್ದು ಕೆರೆ ತುಂಬಿತಾ ಎಂದೇ ನೋಡುತ್ತಾರೆ! ರಸ್ತೆ ಮೇಲೆ ಬಿದ್ದ ಮಳೆಯಿಂದ ಉಪಯೋಗ ಕಡಿಮೆ. ದೂರದ ಬೆಟ್ಟಗಳಲ್ಲಿ ಬೀಳಬೇಕು, ಕೊಡಗಿನಲ್ಲಿ ಬಿದ್ದರೆ ಕೆಆರ್‌ಎಸ್ ತುಂಬುವ ಹಾಗೆ. ಊರಿಗೆ ಫೋನು ಮಾಡಿದೆ. "ಇಲ್ಲೊಂದು ಹನಿ ಇಲ್ಲ, ಕಟ್ಟೆ ನೀರು ಅಲ್ಲೇ ಇದೆ. ನೀವು ಬರುವಾಗ ಅಲ್ಲಿಂದ ಒಂದಷ್ಟು ಕಟ್ಕೊಂಡು ಬನ್ನಿ" ಎಂದಳು ಇವಳಜ್ಜಿ.

ವಾಪಸ್ಸು ಉದ್ಯಾನ್ ಬೆಳಗ್ಗೆ ಹೊರಟಿತು. ಕರ್ಜತ್ ದಾಟಿ ಘಟ್ಟ ಏರುವಾಗ ಕಿಟಕಿ ತುಂಬ ಮಂಜು, ಬಂಡೆ ಬಂಡೆಗೂ ಒಂದು ಜಲಪಾತ. ಲೋಣಾವಳದಲ್ಲಿ ಮಳೆ ಸುರಿಯುತ್ತಲೇ ಇತ್ತು. ಪುಣೆಯಲ್ಲಿ ಬರೀ ಮೋಡ. ಸೊಲ್ಲಾಪುರದ ಕಡೆ ಬಂದರೆ ಬಿಸಿಲು, ಒಣಗಿದ ಹೊಲ, ಆಕಾಶ ನೋಡುತ್ತಾ ನಿಂತ ಒಬ್ಬ ರೈತ.

"ಮಳೆ ಎಲ್ಲೋಯ್ತು ತಾತ?"

"ಘಟ್ಟದ ಆ ಕಡೆನೇ ಇಳಿಸಿಬಿಡ್ತು ಕಣವ್ವ. ಈ ಕಡೆಗೆ ಉಳಿದಿದ್ದು ಇಷ್ಟೇ."

ಅವಳು ಸೀಟಿನ ಕೆಳಗಿನಿಂದ ಇನ್ನೂ ಒದ್ದೆಯಿದ್ದ ಚಪ್ಪಲಿ ತೆಗೆದು ಕಿಟಕಿಯ ಬಿಸಿಲಿಗೆ ಒಣಗಲು ಇಟ್ಟಳು.