ಮರಡಿಹಳ್ಳಿಯ ಕಲ್ಲುದಿಂಬುಗಳು

ಚಿತ್ರದುರ್ಗದ ಸೀಮೆಗೆ ಬಂದವರು ಕೋಟೆಯನ್ನೇರುತ್ತಾರೆ. ಹಿರಿಯೂರಿನತ್ತ ಸಾಗಿದರೆ, ವೇದಾವತಿಯು ಗುಡ್ಡಗಳ ನಡುವೆ ಹಾಯುವ ಕಣಿವೆಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟನ್ನು ನೋಡುತ್ತಾರೆ. ನಡುದಾರಿಯಲ್ಲಿ, ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ನಿಲ್ಲುವವರು ವಿರಳ. ಮಠದ ಪಾಠಶಾಲೆಯಲ್ಲಿದ್ದ ಕಾಲದಲ್ಲಿ ನಾವೂ ಅಲ್ಲಿನ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದವರೇ, ಬಂಡೆಯನ್ನು ಕಂಡವರಲ್ಲ.

ಕಳೆದ ಮಾಘಮಾಸದಲ್ಲಿ, ಭೂವಿಜ್ಞಾನವನ್ನು ಓದುತ್ತಿರುವ ನಮ್ಮ ತಮ್ಮನ ಮಗನು ಕ್ಯಾಮೆರಾ ಹೊತ್ತು ಬಂದು ನಮ್ಮನ್ನು ಹೊರಡಿಸಿದನು. ಹೊತ್ತು ಮೂಡುವ ವೇಳೆಗೆ ಅಲ್ಲಿದ್ದೆವು. ಓರೆಯಾಗಿ ಬಿದ್ದ ಎಳೆಬಿಸಿಲಿನಲ್ಲಿ ಪ್ರತಿಯೊಂದು ಉಬ್ಬಿಗೂ ನೆರಳು ಹುಟ್ಟಿತು. ಹತ್ತಿ ತುಂಬಿದ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಂಡವು ಆ ಕಲ್ಲುಗಳು! ಅಳತೆ ತಿಳಿಯಲೆಂದು ನಮ್ಮ ಊರುಗೋಲನ್ನು ಮಗ್ಗುಲಲ್ಲಿಟ್ಟು ಅವನು ಚಿತ್ರ ತೆಗೆದನು.

"ದೊಡ್ಡಪ್ಪಾ, ಇದು ಸಮುದ್ರದ ತಳ" ಎಂದನು.

ನಾವು ನಕ್ಕೆವು. ಮಳೆಗೆ ಮುಗಿಲು ನೋಡುವ ಹಿರಿಯೂರಿನ ನೆಲವಿದು. ಮಾರಿಕಣಿವೆಯೇ 1933ರ ಬಳಿಕ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅವನು ತಾಳ್ಮೆಯಿಂದ ವಿವರಿಸಿದನು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸದ ಮೈ, ತಣ್ಣೀರು ತಾಗಿದೊಡನೆ ಚಿಪ್ಪುಗಟ್ಟಿತು. ಒಳಗಿನ ಬಿಸಿರಸ ಚಿಪ್ಪನ್ನೊಡೆದು ಹೊರಬಂದು ಮತ್ತೊಂದು ದಿಂಬಾಯಿತು. ಕೆಳಗಿನವು ಗಟ್ಟಿಯಾದ ಮೇಲೆ ಬಂದು ಕುಳಿತವು ಇನ್ನೂ ಮೆತ್ತಗಿದ್ದುದರಿಂದ ಅವುಗಳ ಸಂದಿಗೆ ಇಳಿದವು. ಹೀಗಾಗಿ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ದಿಂಬಿನ ಆಕಾರವೇ ಹೇಳುತ್ತದೆ. ಶಾಸನ ಓದುವ ನಮಗೆ ಈ ಮಾತು ಬಹಳ ಹಿಡಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಒಂದು ಕಡೆ ಚಿಪ್ಪು ಎದ್ದು ಹಸಿಗಾಯದಂತಿತ್ತು. "ಯಾರೋ ಸುತ್ತಿಗೆ ಹಾಕಿದ್ದಾರೆ. ಒಡೆದರೆ ಮತ್ತೆ ಬೆಳೆಯುವುದಿಲ್ಲ, ದೊಡ್ಡಪ್ಪಾ" ಎಂದನು ಹುಡುಗ. ನಮಗೆ ಮಾತು ಹೊರಡಲಿಲ್ಲ. ಬಾಲ್ಯದಲ್ಲಿ ಅಲ್ಲಿಂದಲೇ ಕುಟ್ಟಿ ತಂದ ಹಸಿರುಗಪ್ಪು ಚೂರೊಂದು ನಮ್ಮ ಓದುಮೇಜಿನ ಮೇಲೆ, ಹಾಳೆಗಳು ಹಾರದಂತೆ, ಐವತ್ತು ವರ್ಷಗಳಿಂದ ಕುಳಿತಿದೆ. ಬಂದ ಅತಿಥಿಗಳಿಗೆ ಅದನ್ನು ಹೆಮ್ಮೆಯಿಂದ ತೋರಿಸಿದ್ದೂ ಉಂಟು.

ಮರುವಾರ ಅದನ್ನು ವಸ್ತ್ರದಲ್ಲಿ ಸುತ್ತಿಕೊಂಡು ಒಬ್ಬರೇ ಹೋದೆವು. ಎಲ್ಲಿಂದ ಒಡೆದದ್ದೆಂದು ಬಹಳ ಹೊತ್ತು ಹುಡುಕಿದೆವು. ಯಾವ ಗಾಯಕ್ಕೂ ಅದು ಹೊಂದಲಿಲ್ಲ. ಎರಡು ದಿಂಬುಗಳ ನಡುವಣ ಸಂದಿಯಲ್ಲಿಟ್ಟು ಮರಳಿದೆವು.