ಪಣಂಬೂರಿನವರೆಗೆ ಒಂದು ಪೆಟ್ಟಿಗೆಯ ಬೆನ್ನುಹತ್ತಿ

ಮೈಸೂರಿನ ಕುಂಬಾರಕೊಪ್ಪಲಿನ ಒಂದು ಮಗ್ಗುಲಿಗೆ ಮೇಟಗಳ್ಳಿ, ಇನ್ನೊಂದು ಮಗ್ಗುಲಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ. ಸಮುದ್ರವಿರುವುದು ಘಟ್ಟದಾಚೆ. ಆದರೂ ಹಡಗೇರುವ ಪೆಟ್ಟಿಗೆಗಳಿಗೆ ಈ ರಸ್ತೆಗಳು ಹೊಸವಲ್ಲ. ಟೀ ಅಂಗಡಿಯ ಮುಂದೆ ಮಂಗಳೂರಿಗೆ ಹೊರಟ ಕಂಟೇನರ್ ಲಾರಿಯೊಂದು ನಿಂತಿತ್ತು. ಬಾಗಿಲ ಸರಳಿಗೆ ಹಾಕಿದ್ದ ದಪ್ಪ ಬೋಲ್ಟಿನ ಮೇಲೊಂದು ನಂಬರು.

“ಬೀಗ ಅಲ್ಲ ಸಾರ್, ಸೀಲು. ಇದಕ್ಕೆ ಬೀಗದ ಕೈಯೇ ಇಲ್ಲ, ಕತ್ತರಿಸಿಯೇ ತೆಗೀಬೇಕು” ಎಂದರು ಡ್ರೈವರು.

ಬಾಗಿಲ ಮೇಲೆ ನಾಲ್ಕು ಅಕ್ಷರ, ಆರು ಅಂಕಿ. ಕೊನೆಗೆ ಚೌಕದೊಳಗೆ ಒಂಟಿ ಅಂಕಿ. ಪ್ರತಿ ಅಕ್ಷರಕ್ಕೂ ಒಂದು ಬೆಲೆಯುಂಟು. ಅವನ್ನೂ ಅಂಕಿಗಳನ್ನೂ ಸಾಲಾಗಿ 1, 2, 4, 8 ಎಂದು ಚದುರಂಗದ ಮನೆಯ ಕಾಳಿನಂತೆ ಇಮ್ಮಡಿಸುತ್ತ 512ರವರೆಗೆ ಗುಣಿಸಿ ಕೂಡಬೇಕು. ಸಿಎಸ್‌ಕ್ಯೂಯು 305438 ಎಂಬ ನಂಬರಿಗೆ ಮೊತ್ತ 6185. ಹನ್ನೊಂದರಿಂದ ಭಾಗಿಸಿದರೆ ಉಳಿಯುವುದು 3. ಚೌಕದಲ್ಲಿರುವುದೂ ಅದೇ. ಬರೆಯುವವರ ಕೈತಪ್ಪಿ ಒಂದು ಅಂಕಿ ಬದಲಾದರೆ ಈ ಲೆಕ್ಕವೇ ಸುಳಿವು ಕೊಡುತ್ತದೆ! ಪೆಟ್ಟಿಗೆ ತನಗೆ ತಾನೇ ಸಾಕ್ಷಿ.

ನಾನೂ ಮಂಗಳೂರಿನ ಬಸ್ಸು ಹತ್ತಿದೆ. ಹುಣಸೂರು, ಕುಶಾಲನಗರ, ಮಡಿಕೇರಿ ಕಳೆದು ಸಂಪಾಜೆ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಾಚೆ ಬರೀ ಹಸಿರು. ನನ್ನ ತಲೆಯೊಳಗೆ ಆ ನಂಬರು. ಸುಳ್ಯ, ಪುತ್ತೂರು ದಾಟುತ್ತಲೇ ಗಾಳಿ ಬಿಸಿಯಾಯಿತು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರು ಇರುವುದು ಪಣಂಬೂರಿನಲ್ಲಿ. ಕಡಲತೀರದಲ್ಲಿ ನಿಂತರೆ ದೂರದಲ್ಲಿ ಸರದಿಗೆ ಕಾಯುವ ಹಡಗುಗಳು ಕಾಣುತ್ತವೆ.

ಪೆಟ್ಟಿಗೆಗಿಂತ ಮೊದಲು ಓಡಬೇಕಾದದ್ದು ಅದರ ಕಾಗದ. ತೂಕದ ದಾಖಲೆ ಇಲ್ಲದ ಕಂಟೇನರನ್ನು 2016ರ ಜುಲೈ 1ರಿಂದ ಹಡಗಿಗೇರಿಸುವಂತಿಲ್ಲ. ಒಳಗೆ ಎಷ್ಟು ಭಾರವಿದೆಯೆಂದು ತಿಳಿಯದೆ ಪೇರಿಸಿದರೆ ಹಡಗಿಗೇ ಅಪಾಯ. ಸರಕು ಕ್ಯಾಮರೂನಿನ ದೌಆಲಾ ಬಂದರಿಗೆ ಹೋಗುವುದಾದರೆ ಇನ್ನೂ ಒಂದು ಕಾಗದ ಬೇಕು: ಬಿಇಎಸ್‌ಸಿ ಎಂಬ ಸರಕು ಜಾಡುಪತ್ರ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಇದರ ಹೆಸರು ಫೆರಿ. ಕಳಿಸುವವರು, ಪಡೆಯುವವರು, ಹಡಗು, ತೂಕ, ಬೆಲೆ, ಸಾಗಣೆ ಬಾಡಿಗೆ ಎಲ್ಲವೂ ಅದರಲ್ಲಿರಬೇಕು. ಬಿಎಲ್ (ಹಡಗಿನ ಸರಕು ರಸೀದಿ), ಇನ್ವಾಯ್ಸ್‌ಗಳಿಗೆ ತಾಳೆಯಾಗಬೇಕು. ಹಡಗು ತಲುಪುವ ಮೊದಲೇ ಇದು ಮಂಜೂರಾಗದಿದ್ದರೆ ದಂಡ ತೆರಬೇಕಾದವರು ಅಲ್ಲಿ ಸರಕಿಗೆ ಕಾದು ಕೂತ ವ್ಯಾಪಾರಿ.

ಎಂಥ ಏರ್ಪಾಡು! ಎರಡು ಖಂಡ, ಹತ್ತಾರು ಕೈ. ಅವರಲ್ಲಿ ಬಹುಪಾಲು ಜನ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹೆಬ್ಬಾಳದ ಗುಮಾಸ್ತರೊಬ್ಬರು ಬರೆದ ಅಂಕಿಯನ್ನು ದೌಆಲಾದ ಸುಂಕದ ಅಧಿಕಾರಿ ಓದಿ, ತಾಳೆ ನೋಡಿ, ಬಾಗಿಲು ತೆರೆಯಲು ಒಪ್ಪುತ್ತಾರೆ. ಕಡಲ ವ್ಯಾಪಾರ ನಡೆಯುತ್ತಿರುವುದು ಹಡಗಿನ ಎಂಜಿನ್ನಿನಿಂದ ಎಷ್ಟೋ, ಸರಿಯಾಗಿ ಬರೆದ ಒಂದು ಸಾಲಿನಿಂದಲೂ ಅಷ್ಟೇ. ಆ ಸಾಲನ್ನು ತಪ್ಪಿಲ್ಲದೆ ಬರೆಯುವವರು ನಾವಿಕರಷ್ಟೇ ಗೌರವಕ್ಕೆ ಅರ್ಹರು.